ಬಬಲೇಶ್ವರಕ್ಕೆ ಒಯ್ದ ಡಬ್ಬಿ

ವಿಜಾಪುರದ ಇಬ್ರಾಹಿಂಪುರ ರೈಲ್ವೆ ಗೇಟು ಮುಚ್ಚಿತ್ತು. ತೊಡೆಯ ಮೇಲೆ ಹಿತ್ತಾಳೆ ಡಬ್ಬಿ ಇಟ್ಟುಕೊಂಡು ಟಾಂಗಾದಲ್ಲಿ ಕೂತು, ಗೂಡ್ಸ್ ಗಾಡಿ ದಾಟುವುದನ್ನು ಕಾಯುತ್ತಿದ್ದೆ. ಎಪ್ಪತ್ತರ ದಶಕದ ಒಂದು ಬೇಸಿಗೆಯ ಬೆಳಗು. ಇಸವಿ ಖಚಿತವಿಲ್ಲ. ಡಬ್ಬಿಯ ಮುಚ್ಚಳದಲ್ಲಿದ್ದ ತಗ್ಗು ಮಾತ್ರ ಬೆರಳಿಗೆ ಇಂದಿಗೂ ನೆನಪಿದೆ.

ಡಬ್ಬಿ ನಮ್ಮದಲ್ಲ. ತಂಗಿ ಸುಮಿತ್ರಾಳನ್ನು ನೋಡಿ ಹೋದ ಬಬಲೇಶ್ವರದವರು ಅದರ ತುಂಬ ಶೇಂಗಾ ಹೋಳಿಗೆ ಕಳಿಸಿದ್ದರು. ಬಂದ ಡಬ್ಬಿಯನ್ನು ಖಾಲಿ ತಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು. ಅಪ್ಪ ಅಡಿಗೆಮನೆಯ ಸಂಗತಿಗೆ ಬಾಯಿ ಹಾಕುತ್ತಿರಲಿಲ್ಲ. ಏನು ತುಂಬಬೇಕೆಂಬುದು ನನ್ನ ತಲೆಯ ಮೇಲೆ ಬಿತ್ತು.

ಹುಡುಗನ ತಂದೆ ಬಸಲಿಂಗಪ್ಪನವರು ಊಟ ಬಲ್ಲವರು. ನಮ್ಮ ಮನೆಗೆ ಬಂದಾಗ ಸಿಹಿ ಮಾದಲಿಯನ್ನು ತಾಟಿನ ಅಂಚಿಗೆ ಸರಿಸಿ, ಕೆಂಪು ಮೆಣಸಿನಕಾಯಿಯ ರಂಜಕವನ್ನು ಮತ್ತೆ ಮತ್ತೆ ಹಾಕಿಸಿಕೊಂಡಿದ್ದರು. ಅದನ್ನು ನೆನೆಸಿಕೊಂಡು ಹಿಂದಿನ ಸಂಜೆ ಗೋಳಗುಮ್ಮಟದ ಕಡೆಯ ಅಂಗಡಿಗಳನ್ನು ಸುತ್ತಿದ್ದೆ. ಪೇಢೆ ನೋಡಿದೆ, ಬಿಟ್ಟೆ. ಚಹಾಪುಡಿ ಮೂಸಿದೆ, ಬಿಟ್ಟೆ. ಕೊನೆಗೆ ಕೊಂಡದ್ದು ಬೆಳ್ಳುಳ್ಳಿ, ಶೇಂಗಾ, ಕರಿದ ಹಸಿಮೆಣಸಿನಕಾಯಿ ಬಿದ್ದ ಅವಲಕ್ಕಿ ಚೂಡಾ. ತಿನ್ನುವವರ ನಾಲಿಗೆಗೆ ತಕ್ಕ ಉಡುಗೊರೆ ಎಂದು ಆಗ ಹೆಮ್ಮೆಪಟ್ಟೆನೋ, ಆ ಹೆಮ್ಮೆಯನ್ನು ಈಗ ಬರೆಯುವಾಗ ಸೇರಿಸುತ್ತಿದ್ದೇನೋ ತಿಳಿಯದು.

ಹೊರಡುವಾಗ ಸುಮಿತ್ರಾ ಬಾಗಿಲಲ್ಲಿ ನಿಂತು, "ಅಣ್ಣಾ, ಹುಡುಗ ನನ್ನ ಮನಸಿಗೆ ಬಂದಾನ. ಹೋಗಿ ಏನರ ಕೆಡಿಸಿಕೊಂಡು ಬರಬ್ಯಾಡ," ಎಂದಳು. ನಕ್ಕಳು ಕೂಡ. ನನಗೆ ನಗು ಬರಲಿಲ್ಲ.

ಬಬಲೇಶ್ವರಕ್ಕೆ ವಿಜಾಪುರದಿಂದ ನೇರ ದಾರಿಯೇ ಇದೆ. ಆದರೆ ಈ ಸಂಬಂಧ ತಂದ ಸೋದರಮಾವ ತಿಕೋಟಾದಲ್ಲಿದ್ದ. ಅವನನ್ನು ಜೊತೆಗೆ ಕರೆದೊಯ್ಯಲೆಂದು ಅಥಣಿ ರಸ್ತೆಯ ಬಸ್ ಹಿಡಿದೆ. ಹನ್ನೆರಡು ಹದಿಮೂರು ಮೈಲಿ, ಚಾರ್ಜು ಒಂದು ರೂಪಾಯಿಯ ಒಳಗೇ. ಎರಡೂ ಬದಿಗೆ ಜೋಳ ಕಿತ್ತ ಕರಿಮಣ್ಣಿನ ಎರಿ ಹೊಲ ಬಿರುಕು ಬಿಟ್ಟು ಬಿದ್ದಿತ್ತು. ಬಸ್ಸು ಕುಲುಕಿದಾಗಲೆಲ್ಲ ಡಬ್ಬಿಯೊಳಗೆ ಅವಲಕ್ಕಿ ಸರಸರ ಅನ್ನುತ್ತಿತ್ತು. ಪುಡಿಯಾದರೆ ಏನು ಗತಿ ಎಂಬ ಒಂದೇ ಚಿಂತೆ ಆಗ.

ಮಾವ ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದ. ಅತ್ತಿ ಚಹಾಕ್ಕಿಟ್ಟು, ಏನು ತಂದಿದ್ದೇನೆಂದು ಡಬ್ಬಿ ತೆರೆದಳು. ತೆರೆದವಳು ಅಲ್ಲೇ ಕೂತಳು.

"ಯಾರು ತುಂಬಿದ್ರು ಇದನ್ನ?"

ನಾನೇ ಎಂದೆ.

"ಭಾಳ ಶಾಣ್ಯಾ ಅದಿ. ಬೀಗರ ಡಬ್ಬ್ಯಾಗ ಖಾರ ತುಂಬಿ ಕೊಟ್ರ ಹೆಣ್ಣ ಕೊಡಂಗಿಲ್ಲ ಅಂದಂಗ."

ಕಂಬಳಿಯೊಳಗಿಂದ ಮಾವ, ಅದೆಲ್ಲ ಹಿಂದಿನ ಕಾಲದ ಮಾತು, ಬಸಲಿಂಗಪ್ಪನಿಗೆ ಖಾರವೆಂದರೆ ಜೀವ, ಖುಷಿಯಾಗುತ್ತಾನೆ ಎಂದ. ಅತ್ತಿ ಅವನತ್ತ ನೋಡಲೂ ಇಲ್ಲ. "ಮಾತು ನಡಸೂದು ಅಂವಾ ಅಲ್ಲ, ಅಂವನ ಹೇಣ್ತಿ," ಎಂದಳು. ಇನ್ನೊಂದನ್ನೂ ಹೇಳಿದಳು. ಡಬ್ಬಿಯನ್ನು ಅವರು ಇಟ್ಟುಕೊಂಡರೆ ಮಾತು ಅಲ್ಲಿಗೆ ಮುಗಿಯಿತು. ಮತ್ತೆ ತುಂಬಿ ನನ್ನ ಕೈಗೆ ಕೊಟ್ಟರೆ ಮುಂದೆ ನಡೆಯಿತು.

ಅವರಿಬ್ಬರಲ್ಲಿ ಯಾರ ಮಾತು ಸರಿಯೋ ಗೊತ್ತಾಗಲಿಲ್ಲ. ತಿಕೋಟಾಕ್ಕೆ ದ್ರಾಕ್ಷಿ ಬಳ್ಳಿ ಆಗ ಇನ್ನೂ ಹೊಸತು. ಮಾವ ಒಂದಿಷ್ಟು ಹಣ್ಣನ್ನು ಮಾಳಿಗೆಯ ಮೇಲೆ ಒಣಗಿಸಿ ಮನೂಕ ಮಾಡಲು ನೋಡಿದ್ದ. ಅತ್ತಿ ಆ ಒಣದ್ರಾಕ್ಷಿಯಲ್ಲಿ ಎರಡು ಬೊಗಸೆ ತೆಗೆದು ಚೂಡಾದ ಮೇಲೆ ಸುರಿದು ಮುಚ್ಚಳ ಒತ್ತಿದಳು. ಅವು ಪೂರಾ ಒಣಗಿರಲಿಲ್ಲ. ಬೆರಳಿಗೆ ಅಂಟುತ್ತಿದ್ದವು.

ಬಬಲೇಶ್ವರದ ಬಸ್ಸಿಗೆ ಬಹಳ ಹೊತ್ತು ಕಾಯಬೇಕಾಯಿತು. ಬಸ್ಸಿನಲ್ಲಿ ಕೂತ ಮೇಲೆ ಡಬ್ಬಿ ಮೊದಲಿನಂತೆ ಸದ್ದು ಮಾಡಲಿಲ್ಲ. ಚೂಡಾ ಮೆತ್ತಗಾಗುತ್ತಿದೆ ಎಂದು ಅರ್ಥವಾಯಿತು. ಈಗ ನನ್ನ ಹತ್ತಿರ ಇದ್ದದ್ದು ಖಾರವೂ ಅಲ್ಲ, ಸಿಹಿಯೂ ಅಲ್ಲ. ಒಬ್ಬನೇ ಬೇರೆ. ಇಳಿದು ಬೆಲ್ಲವಾದರೂ ಕೊಳ್ಳಲೇ ಎಂದು ನಡುವಿನ ಪ್ರತಿ ನಿಲ್ದಾಣದಲ್ಲೂ ಎದ್ದು ನಿಂತೆ, ಕೂತೆ.

ಬಸಲಿಂಗಪ್ಪನವರು ಡಬ್ಬಿಯನ್ನು ಒಳಗೆ ಹೋಗಗೊಡಲಿಲ್ಲ. ಪಡಸಾಲೆಯಲ್ಲೇ ತೆರೆದು, ತಾಟಿಗೆ ಸುರಿದುಕೊಂಡು, ಉಳ್ಳಾಗಡ್ಡಿ ತರಿಸಿ ಕೂತರು. ಒಂದೊಂದೇ ಒಣದ್ರಾಕ್ಷಿಯನ್ನು ಹೆಕ್ಕಿ ತಾಟಿನ ಅಂಚಿಗೆ ಇಡತೊಡಗಿದರು. ಹುಡುಗ ಹೊಲಕ್ಕೆ ಹೋಗಿದ್ದ. ಅವನ ತಾಯಿ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದರು.

"ಈ ಮನೂಕ ಯಾರು ಹಾಕ್ಯಾರ? ಛಲೋ ಚೂಡಾ ಮೆತ್ತಗ ಮಾಡ್ಯಾರಲ್ರಿ," ಎಂದರು ಬಸಲಿಂಗಪ್ಪನವರು.

ಸುಳ್ಳು ಹೊಳೆಯಲಿಲ್ಲ. ದಾರಿಯಲ್ಲಿ ಹಾಕಿದ್ದು, ಬೀಗರ ಡಬ್ಬಿಯಲ್ಲಿ ಸಿಹಿ ಇರಬೇಕೆಂದು ತಿಕೋಟಾದ ಅತ್ತಿ ಹೇಳಿದಳು ಎಂದೆ.

"ಅವರು ಹೇಳಿದ್ದು ಖರೆ ಐತಿ," ಎಂದರು ಆ ತಾಯಿ. ಮುಖದಲ್ಲಿ ಏನೂ ಇರಲಿಲ್ಲ. ಬಂದು ಅಂಚಿನ ದ್ರಾಕ್ಷಿಗಳನ್ನು ಬಾಚಿ ಅಂಗೈಗೆ ಹಾಕಿಕೊಂಡು, ಡಬ್ಬಿ ಎತ್ತಿಕೊಂಡು ಒಳಗೆ ಹೋದರು.

ಆಮೇಲಿನದನ್ನು ಒಂದರ ಹಿಂದೊಂದು ಹೇಳಲಾರೆ. ಚಹಾ ಬಂತು. ಒಳಗೆ ಡಬ್ಬಿ ತೊಳೆದ ಸದ್ದು ಕೇಳಿತು. ಅದನ್ನು ಜಂತಿಯ ಹತ್ತಿರದ ಹಲಗೆಯ ಮೇಲೆ ಬೋರಲು ಹಾಕಿದ್ದನ್ನು ನೋಡಿದೆನೋ, ನೋಡಿದೆನೆಂದು ಹೆದರಿದೆನೋ. ಬಸಲಿಂಗಪ್ಪನವರು ಆಗಷ್ಟೇ ಹಿಂಡಿ ಕಾಯಿಸಿದ ಹಾಲಿನ ಚಹಾದ ಬಗ್ಗೆ ಮಾತಾಡುತ್ತಲೇ ಇದ್ದರು. ಮದುವೆಯ ಸುದ್ದಿ ತೆಗೆಯಲಿಲ್ಲ. ಕೊನೆಯ ಬಸ್ಸಿನ ಹೊತ್ತಾಯಿತು. ಎದ್ದೆ. ಬರಿಗೈಯಲ್ಲಿ ಕಟ್ಟೆ ಇಳಿದೆ. ಸುಮಿತ್ರಾಳಿಗೆ ಏನೆಂದು ಹೇಳಲಿ?

"ನಿಲ್ರಿ."

ತಾಯಿ ಹೊರಗೆ ಬಂದಿದ್ದರು. ಸೆರಗಿನಡಿ ಡಬ್ಬಿ ಇತ್ತು, ಮುಚ್ಚಳಕ್ಕೆ ಬಟ್ಟೆ ಕಟ್ಟಿತ್ತು.

"ಇವರ ನಾಲಿಗಿ ನೋಡಿ ತಂದ್ರಿ. ಈ ಮನಿಗೆ ಬರೋರೆಲ್ಲ ಹಂಗ ತರತಾರ. ಸಿಹಿ ತಿನ್ನಾಕಿ ನಾ ಒಬ್ಬಾಕಿ ಅದೀನಿ," ಎಂದರು. ಡಬ್ಬಿಯನ್ನು ನನ್ನ ಎರಡೂ ಕೈಗೆ ಇಟ್ಟರು. "ಬರೂ ಮುಂದ ಆ ಮನೂಕ ತರಾಕ ಹೇಳ್ರಿ, ನಿಮ್ಮ ತಂಗಿಗೆ."

ನೇರ ದಾರಿಯ ಬಸ್ಸಿನಲ್ಲಿ ವಿಜಾಪುರಕ್ಕೆ ಮರಳಿದೆ. ಗಂಟು ಬಿಚ್ಚಲಿಲ್ಲ. ಒಳಗೆ ಏನಿದೆಯೆಂದು ಮುಚ್ಚಳಕ್ಕೆ ಮೂಗು ಹಚ್ಚಿದರೆ ಹಿತ್ತಾಳೆಯ ವಾಸನೆಯಷ್ಟೇ ಬಂತು. ದೂರದಲ್ಲಿ ಗುಮ್ಮಟ ಕಂಡಾಗಲೂ, ಆ ತಾಯಿ ಹೇಳಿದ್ದನ್ನು ನಾನೇ ನನಗೆ ಬೇಕಾದಂತೆ ತಿದ್ದಿಕೊಂಡೆನೇ ಎಂದು ಅಳುಕುತ್ತಿದ್ದೆ.

ಸುಮಿತ್ರಾ ರೈಲ್ವೆ ಗೇಟಿನವರೆಗೆ ಬಂದಿದ್ದಳು. ಅವರು ಏನೆಂದರೆಂದು ಕೇಳಲಿಲ್ಲ. ಡಬ್ಬಿ ಕೈಗೆ ತೆಗೆದುಕೊಂಡಳು.

ಅದರಲ್ಲಿ ಸಕ್ಕರೆ ಇತ್ತೆಂದು ನಾನು ಹೇಳುತ್ತೇನೆ. ಈಗ ಬಬಲೇಶ್ವರದವಳೇ ಆಗಿಹೋಗಿರುವ ಸುಮಿತ್ರಾ, ಅಲ್ಲ, ಕರದಂಟಿತ್ತು ಎನ್ನುತ್ತಾಳೆ. ಡಬ್ಬಿ ಭಾರವಿತ್ತು ಎಂಬುದೊಂದನ್ನೇ ಇಬ್ಬರೂ ಒಪ್ಪುತ್ತೇವೆ.