ಇನ್‌ಕ್ಯುಬೇಟರಿಗೆ ಮಂಗಳಾರತಿ

ಹಾಸನದ ನಮ್ಮ ಪುಟ್ಟ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ತೊಳೆಯಲು ಬರುವ ಮುಂಚೆ ತಿರುನಾರಾಯಣ ಐನೋರು ಹೊಳೆನರಸೀಪುರದ ದೇವಸ್ಥಾನವೊಂದರಲ್ಲಿ ಅಡುಗೆ ಮಾಡುತ್ತಿದ್ದರು. ಸೌದೆ ಹೊಗೆಗೆ ಉಬ್ಬಸ ಹಿಡಿದು ಆ ಕೆಲಸ ಬಿಟ್ಟರೂ ಮಡಿ ಮಾತ್ರ ಬಿಟ್ಟಿರಲಿಲ್ಲ. ನಾನೋ ಅರಕಲಗೂಡಿನ ಕಡೆಯ ಒಕ್ಕಲು ಮನೆಯವಳು. ದಿನಕ್ಕೆ ಹತ್ತು ಸಲ ಅವರಿಂದ ಬೈಸಿಕೊಳ್ಳುತ್ತಿದ್ದೆ.

"ರೂಪಶ್ರೀ, ಕೂದಲು ಮುಟ್ಟಿದ್ರಲ್ಲಮ್ಮ, ಮತ್ತೆ ಕೈ ತೊಳ್ಕೊಳಿ."

ಮೈಯೆಲ್ಲ ಉರಿಯುತ್ತಿತ್ತು. ಅವರು ಹೇಳುವುದೇ ಸರಿ ಎನ್ನುವುದು ಇನ್ನೂ ಉರಿಸುತ್ತಿತ್ತು.

ಇಲಿಯ ಭ್ರೂಣದ ಆಕರಕೋಶಗಳನ್ನು ಹೃದಯದ ಸ್ನಾಯುವಾಗಿ ಬೆಳೆಸುವುದು ನನ್ನ ಕೆಲಸ. ತಾವು ಏನಾಗಬೇಕೆಂದು ಇನ್ನೂ ತೀರ್ಮಾನಿಸದ ಕೋಶಗಳವು. ಅವನ್ನು ಹಾಗೇ ಇರಿಸುವ ಪ್ರೋಟೀನೊಂದನ್ನು ನಿಲ್ಲಿಸಿ, ಪೋಷಕ ದ್ರವದ ಸಣ್ಣ ಹನಿಗಳಲ್ಲಿ ತಟ್ಟೆಯ ಮುಚ್ಚಳದಿಂದ ತೂಗುಹಾಕಿದರೆ ಎರಡು ದಿನದಲ್ಲಿ ಉಂಡೆ ಕಟ್ಟುತ್ತವೆ. ಆ ಉಂಡೆಗಳನ್ನು ಬೇರೆ ತಟ್ಟೆಯಲ್ಲಿ ಬೆಳೆಯಲು ಬಿಟ್ಟರೆ, ಎಂಟನೆಯದೋ ಹತ್ತನೆಯದೋ ದಿನ ಯಾವುದಾದರೂ ಉಂಡೆಯ ಒಂದು ಮೂಲೆ ತಾನಾಗಿಯೇ ಮಿಡಿಯಲು ಶುರುಮಾಡುತ್ತದೆ. ನವೆಂಬರ್ ಹದಿನೈದರೊಳಗೆ ಅದು ಮಿಡಿಯಬೇಕು, ಇಲ್ಲದಿದ್ದರೆ ಅನುದಾನ ನಿಂತು ಪ್ರಯೋಗಾಲಯ ಮುಚ್ಚುತ್ತದೆ ಎಂದು ನಮ್ಮ ಮುಖ್ಯಸ್ಥ ಚಂದ್ರಶೇಖರಯ್ಯ ಸರ್ ಹೇಳಿಬಿಟ್ಟಿದ್ದರು.

ಅದು 2004. ಆಯುಧಪೂಜೆಗೆ ನಾನು ಊರಿಗೆ ಹೋದೆ. ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಉಸ್ತುವಾರಿಗೆಂದು ಕೋಣೆಯ ಬೀಗದ ಕೈ ಐನೋರ ಹತ್ತಿರವಿತ್ತು. ಹಿಂತಿರುಗಿ ಬಂದು ನೋಡಿದರೆ ಇನ್‌ಕ್ಯುಬೇಟರಿನ ಬಾಗಿಲಿಗೆ ಕುಂಕುಮ, ಮೇಲೊಂದು ಸೇವಂತಿಗೆ ಹಾರ. ಅಷ್ಟಕ್ಕೇ ನಿಂತಿದ್ದರೆ ನಾನೂ ಕೈ ಮುಗಿಯುತ್ತಿದ್ದೆ. ಬಾಗಿಲು ತೆಗೆದೆ. ತಟ್ಟೆಗಳಲ್ಲೆಲ್ಲ ಬ್ಯಾಕ್ಟೀರಿಯಾ ಬೆಳೆದು ದ್ರವ ಮಜ್ಜಿಗೆನೀರಿನಂತೆ ಬೆಳ್ಳಗಾಗಿತ್ತು, ಕೋಶಗಳೆಲ್ಲ ಸತ್ತಿದ್ದವು. ಒಂದು ತಟ್ಟೆಯ ಅಂಚಿನಲ್ಲಿ ತುಳಸಿ ದಳ ಅಂಟಿಕೊಂಡಿತ್ತು.

"ಬಾಗ್ಲು ಯಾಕ್ ತೆಗುದ್ರಿ ಐನೋರೇ?"

"ಗರ್ಭಗುಡಿ ಬಾಗಿಲು ಹಾಕ್ಕೊಂಡು ಯಾರಾದ್ರೂ ಮಂಗಳಾರತಿ ಮಾಡ್ತಾರೇನಮ್ಮ? ಒಳಗಿರೋದು ಪ್ರಾಣ ಅಂತ ನೀವೇ ಹೇಳಿದ್ರಿ. ಒಂದೊಂದು ಮುಚ್ಚಳಾನೂ ಎತ್ತಿ ತೀರ್ಥ ಪ್ರೋಕ್ಷಣೆ ಮಾಡಿದೆ."

ಬಾಯಿಗೆ ಬಂದಂತೆ ಬೈದೆ, ಆಮೇಲೆ ಅತ್ತೆ. ಐನೋರು ಒಂದು ಮಾತೂ ಸುಳ್ಳು ಹೇಳದೆ ಸರ್ ಎದುರು ಎಲ್ಲವನ್ನೂ ಒಪ್ಪಿಕೊಂಡರು. ಸರ್ ಬೀಗದ ಕೈ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು.

"ಇನ್ನು ಆ ಕೋಣೆಗೆ ಕಾಲಿಡಬೇಡಿ. ಈ ಸಲ ಮಿಡೀಲಿಲ್ಲ ಅಂದ್ರೆ ನಾವೆಲ್ರೂ ಮನೆಗೆ."

ಹೆಪ್ಪುಗಟ್ಟಿಸಿಟ್ಟ ಕೋಶಗಳಲ್ಲಿ ಉಳಿದಿದ್ದುದು ಒಂದೇ ಸೀಸೆ. ಅದನ್ನೇ ಕರಗಿಸಿ ಮತ್ತೆ ಶುರುಮಾಡಿದೆ. ಹೊರಗಿನ ತೊಟ್ಟಿಯ ಹತ್ತಿರ ಐನೋರು ಬಾಯಿಗೆ ಬಟ್ಟೆ ಕಟ್ಟಿಕೊಂಡು, ದೇವರ ಅಡುಗೆ ಮಾಡುವಾಗಿನ ಹಾಗೆ ಯಾರೊಂದಿಗೂ ಮಾತಾಡದೆ ಒಂದೊಂದು ಸೀಸೆಯನ್ನೂ ಏಳೇಳು ಸಲ ತೊಳೆಯುತ್ತಿದ್ದರು. ಕೂದಲು ಮುಟ್ಟಿದರೂ ನನ್ನನ್ನು ಬೈಯುತ್ತಿರಲಿಲ್ಲ. ಅದು ನನಗೆ ಸಹಿಸಲಾಗುತ್ತಿರಲಿಲ್ಲ.

ಎಂಟನೇ ದಿನ ಏನೂ ಇಲ್ಲ. ಹತ್ತನೇ ದಿನವೂ ಇಲ್ಲ. ಹನ್ನೊಂದನೇ ದಿನ, ನವೆಂಬರ್ ಹತ್ತರ ಬೆಳಿಗ್ಗೆ, ಸೂಕ್ಷ್ಮದರ್ಶಕದಲ್ಲಿ ಒಂದು ಉಂಡೆಯ ಅಂಚು ಅಲುಗಿತು. ಮೇಜು ಅಲುಗಿರಬೇಕೆಂದು ಅದರಿಂದ ಕೈ ತೆಗೆದೆ. ಮತ್ತೆ ಅಲುಗಿತು, ಮತ್ತೆ, ಮತ್ತೆ.

ಸರ್ ಬಂದು ನೋಡಿ, ಗಡಿಯಾರ ಹಿಡಿದು ಮಿಡಿತ ಎಣಿಸಿದರು. ನಾನು ಹೋಗಿ ಐನೋರನ್ನು ಕರೆತಂದೆ. ಅವರು ಹೊಸ್ತಿಲಲ್ಲೇ ನಿಂತರು. ಸರ್ "ಬನ್ನಿ" ಎಂದ ಮೇಲೆ ಚಪ್ಪಲಿ ಕಳಚಿಟ್ಟು ಒಳಗೆ ಬಂದು, ಉಸಿರು ಬಿಗಿಹಿಡಿದು ನೋಡಿದರು.

"ನಿಂತು ಹೋಗಲ್ವಾ ಸಾರ್?"

"ದಿನ ಬಿಟ್ಟು ದಿನ ದ್ರವ ಬದಲಾಯಿಸ್ತಾ ಇದ್ರೆ ಇನ್ನೂ ಸ್ವಲ್ಪ ದಿನ ಮಿಡಿಯುತ್ತೆ."

"ಆ ದಿನ ಭಾನುವಾರ ಬಂದ್ರೆ?"

"ಭಾನುವಾರ ರಜ ಅಂತ ಅದಕ್ಕೇನು ಗೊತ್ತು, ಐನೋರೇ?"

ಸರ್ ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಐನೋರು ತಕ್ಷಣ ಅದನ್ನು ಮುಟ್ಟಲಿಲ್ಲ. ತೊಟ್ಟಿಯ ಹತ್ತಿರ ಹೋಗಿ, ಕೈ ತೊಳೆದುಕೊಂಡು ಬಂದು ತೆಗೆದುಕೊಂಡರು.