ಶರಣವ್ವತ್ತೆ ಬರದಿದ್ದರೆ

ಲಗ್ನಪತ್ರಿಕೆ ಕೈಗೆ ಬಂದೊಡನೆ ಸಾಮಾನ್ಯರು ವಧೂವರರ ಹೆಸರು ನೋಡುತ್ತಾರೆ, ಅನುಭವಸ್ಥರು ಊಟದ ವೇಳೆ ನೋಡುತ್ತಾರೆ. ನಾನು ಮಾತ್ರ ಅರಿಸಿನ ಹಚ್ಚಿದ ಅದರ ಮೂಲೆಯನ್ನು ಬೆರಳಿನಿಂದ ಸವರುತ್ತ, ಈ ಮದುವೆಗೆ ಬರಲೇಬೇಕಾದವರ ಪೈಕಿ ಯಾರು ಬರಲಿಕ್ಕಿಲ್ಲ ಎಂದು ಯೋಚಿಸತೊಡಗುತ್ತೇನೆ. ಅಡುಗೆಯವನಿರಬಹುದು, ಬಾಜಾದವರಿರಬಹುದು, ಗ್ರಹಚಾರ ನೆಟ್ಟಗಿಲ್ಲದಿದ್ದರೆ ಸಾಕ್ಷಾತ್ ವರನೇ ಇರಬಹುದು. ಶುಭಕಾರ್ಯದ ಕಾಗದ ಹಿಡಿದುಕೊಂಡು ಅಶುಭವನ್ನು ಧ್ಯಾನಿಸುವ ಈ ಗುಣಕ್ಕೆ ನನ್ನ ಹೆಂಡತಿ ರೋಗವೆನ್ನುತ್ತಾಳೆ. ರೋಗವೇ ಆದರೆ ಅದು ವಂಶಪಾರಂಪರ್ಯದ್ದು; ನನಗೆ ದತ್ತವಾದದ್ದು ನನ್ನ ತಂದೆಯ ತಮ್ಮ ಗುರುಪಾದಪ್ಪ ಕಾಕಾನಿಂದ.

ಆಳಂದ ತಾಲ್ಲೂಕಿನ ಮಟಕಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ಕಾಕಾನಿಗೆ ಈ ಜಗತ್ತಿನಲ್ಲಿ ಯಾವುದರ ಮೇಲೂ ದ್ವೇಷವಿರಲಿಲ್ಲ, ಆದರೆ ಯಾವುದರ ಮೇಲೂ ವಿಶ್ವಾಸವೂ ಇರಲಿಲ್ಲ. ಸಂತೆಗೆ ಹೊರಟರೆ ಬಸ್ಸು ಕೆಟ್ಟು ನಿಂತೀತೆಂದು ರೊಟ್ಟಿಯ ಗಂಟು, ರೊಟ್ಟಿಯನ್ನು ನಾಯಿ ಎಳೆದೊಯ್ದೀತೆಂದು ಅಂಗಿಯ ಕಿಸೆಯಲ್ಲಿ ಹುರಿದ ಶೇಂಗಾ. ಮಳೆ ಎಂಬುದು ಅಪರೂಪದ ಅತಿಥಿಯಾದ ನಮ್ಮ ನಾಡಿನಲ್ಲಿ ಆತನ ಬಳಿ ಎರಡು ಛತ್ರಿಗಳಿದ್ದವು. ಮೊದಲನೆಯದು ಬಿಚ್ಚಿಕೊಳ್ಳದಿದ್ದರೆ ಇರಲೆಂದು ಎರಡನೆಯದು. ಎರಡೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಮನೆಯವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆ ನಗು ನಿಂತದ್ದು ಎಂಬತ್ತರ ದಶಕದ ಆರಂಭದಲ್ಲಿ, ನನ್ನ ತಂಗಿಯ ಮದುವೆ ಅಫಜಲಪುರದ ವರನೊಂದಿಗೆ ನಿಶ್ಚಯವಾದಾಗ.

ನಮ್ಮ ಕಡೆಯ ಮದುವೆಯಲ್ಲಿ ಬಾಜಾ ಇದ್ದರೂ ನಡೆಯುತ್ತದೆ, ಇರದಿದ್ದರೂ ನಡೆಯುತ್ತದೆ; ಹಾಡುವ ಹೆಂಗಸು ಇರದಿದ್ದರೆ ನಡೆಯುವುದಿಲ್ಲ. ನಾಲ್ಕು ಮೂಲೆಗೆ ತಂಬಿಗೆಯಿಟ್ಟು, ನೂಲು ಸುತ್ತಿ, ಮದುಮಕ್ಕಳನ್ನು ನಡುವೆ ಕೂರಿಸಿ ಅರಿಸಿನ ಎಣ್ಣೆ ಹಚ್ಚಿ ಎರೆಯುವ ಸುರಗಿಯ ಶಾಸ್ತ್ರಕ್ಕೆ ಹಾಡು ಬೇಕು. ಅದು ಮುಗಿದು ಬೀಗರ ಪಂಕ್ತಿ ಕೂತಾಗ ಅವರನ್ನು ಹೆಸರು ಹಿಡಿದು ಹಂಗಿಸುವ ಹಾಡಂತೂ ಬೇಕೇ ಬೇಕು. ಹಾಡಿನಲ್ಲಿ ಬೈಸಿಕೊಳ್ಳದೆ ಎದ್ದ ಬೀಗರು ತಮಗೆ ಮರ್ಯಾದೆಯೇ ಆಗಲಿಲ್ಲವೆಂದು ಮುನಿಸಿಕೊಳ್ಳುತ್ತಾರೆ. ಬೈಸಿಕೊಂಡ ಬೀಗತಿ ಹಾಡಿದವಳ ಉಡಿ ತುಂಬಿ, ಕುಪ್ಪಸದ ಖಣ, ತೆಂಗಿನಕಾಯಿ ಕೊಟ್ಟು ನಗುತ್ತ ಹೊರಡುತ್ತಾಳೆ. ಬೈಗುಳಕ್ಕೆ ಇಂಥ ಗೌರವಧನ ಸಲ್ಲುವ ಇನ್ನೊಂದು ಸಂದರ್ಭವನ್ನು ನಾನು ಕಂಡಿಲ್ಲ.

ಈ ಕಲೆಯಲ್ಲಿ ಶರಣವ್ವತ್ತೆಗೆ ಸಮಾನರಿರಲಿಲ್ಲ. ಆಕೆ ನಮ್ಮೂರ ಮಗಳು, ಜೇವರ್ಗಿ ತಾಲ್ಲೂಕಿನ ನೆಲೋಗಿಯ ಸೊಸೆ. ಊರಿನ ಸಂಬಂಧದಿಂದ ನಮಗೆಲ್ಲ ಅತ್ತೆ. ತವರಿನಲ್ಲಿ ಯಾರದೇ ಮದುವೆಯಿದ್ದರೂ ಎರಡು ಬಸ್ಸು ಬದಲಿಸಿ ಬಂದುಬಿಡುತ್ತಿದ್ದಳು. ಬೀಗರ ಮೂಗು, ಹೊಟ್ಟೆ, ನಡಿಗೆ, ಜಿಪುಣತನಗಳನ್ನು ಬಂದ ಗಳಿಗೆಯಲ್ಲೇ ಕಣ್ಣಿನಿಂದ ಅಳೆದಿಟ್ಟುಕೊಂಡು, ಪಂಕ್ತಿ ಕೂತೊಡನೆ ಹಾಡಿಗೆ ಇಳಿಸುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ನೆಲೋಗಿಯ ಜನ ಅವಳನ್ನು ಬಂಜೆಯೆಂದು ಕರೆಯುತ್ತಿದ್ದರಂತೆ. ಮಟಕಿಯ ಸುರಗಿಯಲ್ಲಿ ಮಾತ್ರ ಮೊದಲ ಅರಿಸಿನ ಅವಳ ಕೆನ್ನೆಗೆ. ಆ ಕೆಲವು ಗಳಿಗೆಗಳಿಗಾಗಿಯೇ ಅವಳು ಬದುಕಿದ್ದಳೆಂದು ಈಗ ಅನಿಸುತ್ತದೆ.

ತಂಗಿಯ ಮದುವೆ ಹತ್ತಿರ ಬಂದಾಗ ಅವಳ ಗಂಡ ಮಲ್ಲಪ್ಪಮಾಮ ಹಾಸಿಗೆ ಹಿಡಿದ ಸುದ್ದಿ ಬಂತು. ದಮ್ಮು, ಜೊತೆಗೆ ಕಾಲುಬಾವು. ಕಾಕಾ ತಲೆಯ ಮೇಲೆ ಕೈಹೊತ್ತು ಕೂತ. ಗಂಡ ಸತ್ತವಳು ಸುರಗಿಯಲ್ಲಿ ಹಾಡುವಂತಿಲ್ಲ. ಹಾಡುವುದಿರಲಿ, ನೂಲಿನ ಹತ್ತಿರ ನಿಲ್ಲುವಂತಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಸೂತಕವೆಂಬುದೇ ಸುಳ್ಳೆಂದು ದಿನವೂ ಪಠಿಸುವ ಮನೆ ನಮ್ಮದು. ಆದರೆ ಪಾಠ ಪಡಸಾಲೆಯಲ್ಲಿ ನಡೆಯುತ್ತಿತ್ತು, ಸುರಗಿ ಅಂಗಳದಲ್ಲಿ ನಡೆಯುತ್ತಿತ್ತು, ನಡುವೆ ಒಂದು ಹೊಸ್ತಿಲಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಮಲ್ಲಪ್ಪಮಾಮನ ಆರೋಗ್ಯದ ವಿಷಯದಲ್ಲಿ ಹಿಂದೆಂದೂ ಕಾಣದ ಕಾಳಜಿ ಹುಟ್ಟಿಕೊಂಡಿತು. ನೆಲೋಗಿಯ ಕಡೆಯಿಂದ ಬಂದವರನ್ನೆಲ್ಲ ನಿಲ್ಲಿಸಿ ವಿಚಾರಿಸುವುದೇನು, ಜೇನುತುಪ್ಪ ಕಳಿಸುವುದೇನು! ಕಾಕಾ ಬೆಳಗಿನ ಪೂಜೆಯಲ್ಲಿ ಅವನ ಹೆಸರನ್ನು ಸೇರಿಸಿಕೊಂಡ. ಒಬ್ಬ ಮನುಷ್ಯನ ದೀರ್ಘಾಯುಷ್ಯಕ್ಕಾಗಿ ಅಷ್ಟು ಪ್ರಾಮಾಣಿಕವಾಗಿ ಬೇಡಿಕೊಂಡ ಮನೆ ಇನ್ನೊಂದಿರಲಾರದು, ಮದುವೆ ಮುಗಿಯುವವರೆಗೆ ಎಂಬ ಗಡುವು ಮಾತ್ರ ಅದರಲ್ಲಿ ಅಡಗಿತ್ತು.

ಪ್ರಾರ್ಥನೆಯ ಮೇಲೂ ಪೂರ್ಣ ಭರವಸೆಯಿಡದ ಕಾಕಾ ಕಿಣ್ಣಿ ಸುಲ್ತಾನವೆಂಬ ಊರಿನ ಇನ್ನೊಬ್ಬ ಹಾಡುವಾಕೆಗೆ ಬರುವೆಯಾ ಎಂದು ಕೇಳಿಕಳಿಸಿದ. “ಶರಣವ್ವ ಬರಲಿಲ್ಲಂದ್ರ ನಾ ಬರಬೇಕೇನ್ರಿ? ಆಕಿ ಬಿಟ್ಟ ಗಂಗಾಳದಾಗ ನಾ ಉಣ್ಣಾಕಿ ಅಲ್ರಿ,” ಎಂದು ಆಕೆ ಹೇಳಿಕಳಿಸಿದಳು. ಆಗ ಕಾಕಾನಿಗೆ ಹೊಳೆದದ್ದು ಟೇಪ್ ರೆಕಾರ್ಡರು. ಆಳಂದದ ಬಸ್ ನಿಲ್ದಾಣದೆದುರು ಮಹಬೂಬನೆಂಬ ತರುಣ ಕ್ಯಾಸೆಟ್ ಅಂಗಡಿ ಇಟ್ಟಿದ್ದ. ಅವನ ಅಣ್ಣ ಅರಬರ ದೇಶದಿಂದ ತಂದುಕೊಟ್ಟ ಯಂತ್ರವೊಂದು ಅವನಲ್ಲಿತ್ತು. ಮಲ್ಲಪ್ಪ ಇರುವಾಗಲೇ ಅವಳ ಹಾಡುಗಳನ್ನು ತುಂಬಿಸಿಕೊಂಡುಬಿಟ್ಟರೆ, ಆಮೇಲೆ ದೇವರಿಚ್ಛೆ.

ಆದರೆ ಒಂದು ಧರ್ಮಸೂಕ್ಷ್ಮ ಎದ್ದಿತು. ಹಾಡು ತುಂಬಿಸಿದ ಮೇಲೆ, ಮದುವೆಯ ಮೊದಲೇ ಗಂಡ ತೀರಿಕೊಂಡರೆ ಕ್ಯಾಸೆಟ್ಟಿನೊಳಗಿನ ದನಿ ಮುತ್ತೈದೆಯದೋ, ವಿಧವೆಯದೋ? ಮನೆಯ ಗಂಡಸರು ಇದನ್ನು ಚರ್ಚಿಸಿ ದಣಿದ ಮೇಲೆ ನನ್ನ ಅಜ್ಜಿ, ನಾವು ಆಯಿ ಎನ್ನುತ್ತಿದ್ದ ಹಿರಿಯಳು, ಎಲೆಗೆ ಸುಣ್ಣ ಹಚ್ಚುತ್ತಲೇ ತೀರ್ಪು ಕೊಟ್ಟಳು. “ಹಾಡೂವಾಗ ಗಂಡ ಇದ್ದನಲ್ಲೇನು? ಹಂಗಾರ ದನಿ ಮುತ್ತೈದೀನೇ. ಮುಂದಿಂದು ದನಿಗೆ ಏನ್ ಗೊತ್ತಲೇ?”

ಜೇವರ್ಗಿಯ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ನನಗೆ ನೆಲೋಗಿ ಹತ್ತಿರ, ಆದ್ದರಿಂದ ಯಂತ್ರವಾಹಕನ ಪದವಿ ನನಗೇ ಬಂತು. ಮಗುವಿನಂತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಮಲ್ಲಪ್ಪಮಾಮ ಪಡಸಾಲೆಯ ಹೊರಸಿನ ಮೇಲೆ ದಿಂಬಿಗೊರಗಿ ಕೂತಿದ್ದ. ಉಸಿರು ಒಳಗೆ ಹೋಗಲು ಒಪ್ಪದು, ಹೋದದ್ದು ಹೊರಬರಲು ಒಪ್ಪದು. ನಾನು ಯಾಕೆ ಬಂದೆನೆಂದು ಹೇಳುವಷ್ಟರಲ್ಲಿ ನನ್ನ ಅಲಂಕಾರಶಾಸ್ತ್ರವೆಲ್ಲ ಮುಗಿದುಹೋಯಿತು. ನೆನಪಿಗೆ ಇರಲೆಂದು, ಮುಂದಿನವರಿಗೆ ಬೇಕೆಂದು ಏನೇನೋ ಹೇಳಿದೆ. ಆಮೇಲೆ ಮಾಮನೇ ನನ್ನನ್ನು ಬಿಡಿಸಿದ.

“ಹೇಳ್ರಿ ಮಾಸ್ತರ, ಅಂಜಬ್ಯಾಡ್ರಿ. ನಾ ಹೋದ್ರ ಹ್ಯಾಂಗ ಅಂತ ತಾನೇ? ಹಾಡಲಿ ಬಿಡ್ರಿ, ನಾನೂ ಕೇಳ್ತೇನಿ.”

ಶರಣವ್ವತ್ತೆ ಮೊದಲು ಸುರಗಿಯ ಹಾಡುಗಳನ್ನು ಹಾಡಿದಳು. ಆಮೇಲೆ ಅಫಜಲಪುರದ ಬೀಗತಿಯ ಹೆಸರು, ಬಣ್ಣ, ಗಾತ್ರ ಕೇಳಿಕೊಂಡಳು. ನನ್ನ ತಂಗಿಯ ಅತ್ತೆ ಕಾಶೀಬಾಯಿಯವರು ಸ್ಥೂಲಕಾಯದವರು, ತುಸು ಮೀಸೆಯೂ ಇದೆಯೆಂದು ನಾನು ವರದಿಯೊಪ್ಪಿಸಿದೆ. ಕ್ಷಣಾರ್ಧದಲ್ಲಿ ಎರಡೂ ಹಾಡಿನಲ್ಲಿ ಬಂದು ಕೂತವು. ಮಾಮ ಕೆಮ್ಮು ಬಂದಾಗಲೆಲ್ಲ ಯಂತ್ರಕ್ಕೆ ಕೇಳಿಸಬಾರದೆಂದು ಟವೆಲ್ಲನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದ, ಕಣ್ಣಲ್ಲಿ ನೀರು ಬರುತ್ತಿತ್ತು. ಹಾಡು ಮುಗಿದಾಗ ಆತ ಹೇಳಿದ, “ಇಷ್ಟು ವರ್ಸ ಈಕಿ ಛಂದ ಹಾಡ್ತಾಳಂತ ಮಂದಿ ಬಾಯಾಗ ಕೇಳೀನಿ. ಹಾಡು ಕೇಳಿದ್ದು ಇವತ್ತ ನೋಡ್ರಿ.” ನಿಜವೇ; ಹೆಂಡತಿಯ ತವರಿನ ಮದುವೆಗಳಿಗೆ ಆತ ಬಂದವನಲ್ಲ, ಮನೆಯಲ್ಲಿ ಸುಮ್ಮಸುಮ್ಮನೆ ಬೀಗರನ್ನು ಬೈಯುವವರಾರು!

ನಾನು ಹೊರಟಾಗ ಶರಣವ್ವತ್ತೆ ಬಾಗಿಲ ತನಕ ಬಂದಳು. ದನಿ ತಗ್ಗಿಸಿ, “ತಮ್ಮಾ, ಇವರಿಗೇನರ ಆತಂದ್ರ ನಿಮ್ಮದೊಂದು ಲಗ್ನ ಅಲ್ಲಪಾ, ನನಗ ಎಲ್ಲಾ ಲಗ್ನ ಮುಗದಂಗ. ಮತ್ತ ಯಾರು ಕರೀತಾರ ನನಗ?” ಎಂದಳು. ಅವಳು ಅಳಲಿಲ್ಲ.

ಕಾಕಾನ ಪೂಜೆ ಫಲಿಸಿತು. ಮಾಮ ಚೇತರಿಸಿಕೊಂಡ, ಮದುವೆಗೆ ಶರಣವ್ವತ್ತೆ ಹಸಿರು ಇಳಕಲ್ ಸೀರೆಯುಟ್ಟು ತಾನೇ ಬಂದಳು. ಸುರಗಿಯ ಹಾಡೆಲ್ಲ ಅವಳದೇ. ಆದರೆ ವಾರಗಟ್ಟಲೆ ಗಂಡನ ಆರೈಕೆಯಲ್ಲಿ ನಿದ್ದೆಗೆಟ್ಟ ಜೀವ, ಬೀಗರ ಪಂಕ್ತಿಯ ಹೊತ್ತಿಗೆ ಗಂಟಲು ಬಿದ್ದುಹೋಯಿತು. ಸಿದ್ಧತೆಯೊಂದು ವ್ಯರ್ಥವಾಗುತ್ತಿದೆಯಲ್ಲ ಎಂದು ಮುಂಜಾನೆಯಿಂದ ಮುಖ ಸಣ್ಣದು ಮಾಡಿಕೊಂಡಿದ್ದ ಕಾಕಾ ಚಿಗುರಿಬಿಟ್ಟ. “ನೀ ಕೂಡವಾ, ಕೂಡು. ಎಲ್ಲಾ ಬಂದೋಬಸ್ತ್ ಅದ,” ಎಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಬೇವಿನ ಮರಕ್ಕೆ ಕಟ್ಟಿದ ಲೌಡ್‌ಸ್ಪೀಕರಿನಲ್ಲಿ ಕ್ಯಾಸೆಟ್ ಹಾಕಿಸಿದ. ಕಾಶೀಬಾಯಿಯವರ ಮೀಸೆ ಮಟಕಿಯ ಮೂರೂ ಓಣಿಗಳಿಗೆ ಕೇಳಿಸಿತು. ಬೀಗರು ನಕ್ಕು ನಕ್ಕು ಎಲೆಯ ಮೇಲೆ ಕೈ ಆಡದೆ ಕೂತರು. ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ಶರಣವ್ವತ್ತೆ. “ನನ್ನ ದನಿ ಹಿಂಗದ ಏನ?” ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಾಚಿದಳು. ಕಾಶೀಬಾಯಿಯವರು ಎದ್ದು ಬಂದು ಅವಳ ಉಡಿ ತುಂಬಿದರು.

ಬೀಗರು ಹೊರಡುವಾಗ ಕ್ಯಾಸೆಟ್ಟನ್ನೂ ಬೇಡಿ ಒಯ್ದರು. ಮಹಬೂಬನ ಬಳಿ ಮೂಲಪ್ರತಿಯಿತ್ತು. “ಕ್ಯಾ ಆವಾಜ್ ಅದರಿ ಸರ್, ಮಂದಿ ಹುಡ್ಕೊಂಡು ಬರಾಕತ್ತಾರ,” ಎಂದು ಅವನು ಕೇಳಿದವರಿಗೆಲ್ಲ ನಕಲು ಮಾಡಿಕೊಟ್ಟ. ಅದರಲ್ಲಿ ಕೆಟ್ಟ ಬುದ್ಧಿ ಯಾರದೂ ಇರಲಿಲ್ಲ. ಒಂದೆರಡು ಹಂಗಾಮು ಕಳೆಯುವಷ್ಟರಲ್ಲಿ ಆಳಂದ, ಅಫಜಲಪುರ, ಜೇವರ್ಗಿಯ ಸುತ್ತ ಯಾವ ಮದುವೆಯ ಚಪ್ಪರಕ್ಕೆ ಹೋದರೂ ಶರಣವ್ವತ್ತೆಯ ದನಿಯದೇ ಸ್ವಾಗತ. ಯಾರ ಬೀಗರೇ ಕೂತಿರಲಿ, ಬೈಗುಳ ಮಾತ್ರ ಕಾಶೀಬಾಯಿಯವರಿಗೆ. ಮೂರು ತಾಲ್ಲೂಕುಗಳಲ್ಲಿ ಅಷ್ಟು ಪ್ರಖ್ಯಾತವಾದ ಮೀಸೆ ಗಂಡಸರಲ್ಲೂ ಇರಲಿಲ್ಲ. ತಂಗಿ ಇದಕ್ಕಾಗಿ ನನ್ನೊಡನೆ ಕೆಲಕಾಲ ಮಾತುಬಿಟ್ಟಿದ್ದಳು.

ಕ್ಯಾಸೆಟ್ಟಿಗೆ ಎಲೆ ಅಡಿಕೆ ಕೊಟ್ಟು ಕರೆಯಬೇಕಾಗಿಲ್ಲ, ಅದರ ಗಂಟಲು ಬೀಳುವುದಿಲ್ಲ, ಅದರ ಗಂಡನಿಗೆ ದಮ್ಮು ಬರುವುದಿಲ್ಲ. ಆದ್ದರಿಂದ ಶರಣವ್ವತ್ತೆಗೆ ಕರೆ ಬರುವುದು ನಿಧಾನವಾಗಿ ನಿಂತಿತು. ಯಾರೂ ಅವಳನ್ನು ಬೇಡವೆನ್ನಲಿಲ್ಲ, ಯಾರಿಗೂ ಅವಳು ಬೇಕಾಗಲಿಲ್ಲ ಅಷ್ಟೆ. ನಾನು ನೆಲೋಗಿಗೆ ಹೋದಾಗಲೆಲ್ಲ ಈ ವರ್ಷ ತವರಿನಲ್ಲಿ ಲಗ್ನಗಳಿಲ್ಲವೇ ಎಂದು ಕೇಳುತ್ತಿದ್ದಳು. ಇವೆಯೆನ್ನಲು ಬಾಯಿ ಬರದೆ ನಾನು ಮಾಮನ ಆರೋಗ್ಯ ವಿಚಾರಿಸುತ್ತಿದ್ದೆ. ಮಾಮ ಹೊರಸಿನ ಮೇಲೆ ಉಸಿರಿಗೆ ಹೋರಾಡುತ್ತಲೇ ಇನ್ನೂ ಬಹುಕಾಲ ಬದುಕಿದ. ಅವನು ಇದ್ದಷ್ಟು ದಿನವೂ ಅವಳು ಮುತ್ತೈದೆಯಾಗಿಯೇ ಇದ್ದಳು, ಕುಂಕುಮವಿಟ್ಟುಕೊಂಡು, ಬಳೆ ತೊಟ್ಟುಕೊಂಡು, ಯಾರೂ ಕರೆಯದ ಹಾಡುಗಾರ್ತಿಯಾಗಿ. ಅವಳು ಹೆದರಿದ್ದ ಸಾವಿಗಿಂತ ಮುಂಚೆಯೇ ಅವಳ ಲಗ್ನಗಳೆಲ್ಲ ಮುಗಿದಿದ್ದವು. ಬರದಿದ್ದರೆ ಹೇಗೆಂದು ನಾವು ಒಬ್ಬರ ಜಾಗದಲ್ಲಿ ಏನನ್ನಾದರೂ ತಂದಿಟ್ಟುಕೊಳ್ಳುತ್ತೇವೆ. ಅವರು ಬಂದಾಗ ಅದನ್ನು ಎಬ್ಬಿಸಿ ಜಾಗ ಬಿಡಿಸಿಕೊಡುವ ಯೋಚನೆ ಮಾತ್ರ ಎಂಥ ಮುಂದಾಲೋಚನೆಯವನಿಗೂ ಬರುವುದಿಲ್ಲ. ಕಾಕಾನಿಗೂ ಬರಲಿಲ್ಲ.

ಮಾಮ ತೀರಿಕೊಂಡು ಒಂದು ವರ್ಷ ಕಳೆದಿರಬಹುದು. ಅಫಜಲಪುರದಲ್ಲಿ ನನಗೂ ಶರಣವ್ವತ್ತೆಗೂ ಬಳಗದವರಾದವರ ಮನೆಯಲ್ಲಿ ಮದುವೆ. ಅವಳು ಚಪ್ಪರದ ಹಿಂಬದಿ, ನೀರಿನ ಹರವಿಗಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಬರಿಯ ಹಣೆ, ಬರಿಯ ಕೈ. ನಾನು ಹೋಗಿ ಪಕ್ಕದಲ್ಲಿ ಕೂತೆ. ಅಂಗಳದಲ್ಲಿ ಸುರಗಿ ಶುರುವಾಗಿ, ಲೌಡ್‌ಸ್ಪೀಕರಿನಿಂದ ಅವಳ ಅಂದಿನ ಆ ದನಿ, ನೆಲೋಗಿಯ ಪಡಸಾಲೆಯ ಆ ದನಿ ಹೊಮ್ಮಿತು. ಹಾಡಿಗೆ ತಕ್ಕಂತೆ ಅವಳ ತುಟಿಗಳು ಅಲುಗಾಡುತ್ತಿದ್ದುದನ್ನು ನೋಡಲಾರದೆ ನಾನು ಕಣ್ಣು ತಗ್ಗಿಸಿದೆ. ಸೊಂಟದ ಮೇಲೆ ಕೂಸನ್ನೆತ್ತಿಕೊಂಡು ನೀರಿಗೆ ಬಂದ ಹರೆಯದ ಸೊಸೆಯೊಬ್ಬಳು, “ಏನ್ ಛಂದ ಹಾಡ್ಯಾರಲ್ಲಾ ಆಯಿ! ಯಾರಿದು?” ಎಂದು ಅವಳನ್ನೇ ಕೇಳಿದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಶರಣವ್ವತ್ತೆ ನನ್ನ ಮೊಣಕೈ ಹಿಡಿದಳು.

“ಯಾರೋ ಮುತ್ತೈದಿ ಇರಬೇಕವಾ,” ಎಂದಳು.

ಅಷ್ಟರಲ್ಲಿ ಆರತಿಯ ತಟ್ಟೆ ಹಿಡಿದ ಹೆಂಗಸರು ಆ ದಿಕ್ಕಿಗೇ ಬಂದರು. ಅವರಿಗೆ ತಾನು ಎದುರಾಗಬಾರದೆಂದು ಅವಳು ಎದ್ದು, ಕುರ್ಚಿಯನ್ನು ತಾನೇ ಎಳೆದುಕೊಂಡು ಹರವಿಗಳ ಆಚೆಗೆ ಸರಿದು, ಗೋಡೆಯ ಕಡೆ ಮುಖ ಮಾಡಿ ಕೂತಳು.