ಹಾಸಿಗೆ ಹದಿನಾಲ್ಕರ ಮಗು

ಬೇರೆಯವರು ಬರೆದ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸವಾದ್ದರಿಂದ ಕನ್ಸಲ್ಟಿಂಗ್ ಕಂಪನಿಯ ಹುಡುಗರು ಅವಳನ್ನು ಕೊಂಕಕ್ಕ ಎನ್ನುತ್ತಿದ್ದರು. ವಯಸ್ಸು ಮುನ್ನೂರು, ಹುಟ್ಟಿದ ದಿನ ನಾಳೆ ಎಂದು ತುಂಬಿದಾಗ ಕಂಪ್ಯೂಟರ್ ತೆಪ್ಪಗೆ ಒಪ್ಪಿಕೊಂಡರೆ, "ಹೂಂ ಅಂತೀಯಲ್ಲೋ, ನಾಚಿಕೆ ಆಗಲ್ವಾ?" ಎಂದು ಅದನ್ನೇ ಗದರುತ್ತಿದ್ದಳು. ಆಸ್ಪತ್ರೆಯೊಂದರ ಕೆಲಸ ಬಂದಾಗಲಂತೂ ಪರೀಕ್ಷೆಗೆಂದು ಹುಟ್ಟಿಸಿದ ಸುಳ್ಳು ರೋಗಿಗಳಿಗೂ ಗುಂಡ, ಚಿನ್ನು, ಪುಟ್ಟಕ್ಕ ಎಂದು ಹೆಸರಿಟ್ಟು, ಸಂಜೆ ಅಷ್ಟೂ ಜನರಿಗೆ 'ಗುಣವಾಗಿದೆ' ಎಂದು ಬರೆದೇ ಏಳುತ್ತಿದ್ದಳು. ಹತ್ತು ಪಟ್ಟು ಔಷಧಿ ಬರೆದರೆ ಕಂಪ್ಯೂಟರ್ ತಡೆಯುತ್ತದೆಯೇ ಎಂದು ನೋಡಲು ಒಂದು ದಿನ ಪಟ್ಟಿಯ ಕೊನೆಯ ಮಗುವಿಗೆ ಬರೆದಳು, ತಡೆಯಲಿಲ್ಲ. ಗದರಲು ಬಾಯಿ ತೆರೆದವಳು ನೋಡುತ್ತಾಳೆ, ಮಗುವಿಗೆ ಹೆಸರೇ ಇಲ್ಲ, ಬರೀ ಹಾಸಿಗೆ ಹದಿನಾಲ್ಕು. "ಇದು ಯಾರ ಮಗು?" ಎಂದಳು. "ನಿಜವಾದ್ದೇ ಅಕ್ಕ. ಬೆಳಿಗ್ಗೆಯಿಂದ ಆಸ್ಪತ್ರೇಲೂ ಇದೇ ಸಾಫ್ಟ್‌ವೇರ್ ಶುರು ಮಾಡಿದ್ದಾರೆ, ನಿಜವಾದ ರೋಗಿಗಳೂ ಇದೇ ಪಟ್ಟೀಲಿ ಬರ್ತಾರೆ, ಹೇಳೋದು ಮರೆತೆ," ಎಂದ ಮ್ಯಾನೇಜರ್. ಅವಳು ತಕ್ಷಣ ವಾರ್ಡಿಗೆ ಫೋನು ಮಾಡಿದರೆ ನರ್ಸ್, "ಇಷ್ಟು ಸಣ್ಣ ಕೂಸಿಗೆ ಇಷ್ಟೊಂದಾ ಅಂತ ಸೂಜಿ ಹಿಡ್ಕೊಂಡೇ ನಿಂತಿದ್ದೀನಮ್ಮ," ಎಂದಳು. "ಕೆಳಗಿಡಿ ತಾಯಿ, ತಪ್ಪು ನನ್ನದು." "ಇಟ್ಟೆ," ಎಂಬ ಮಾತು ಕೇಳಿದ ಮೇಲೂ ಅವಳಿಗೆ ಫೋನು ಇಡಲು ಕೈ ಬರಲಿಲ್ಲ, ಆ ಕಡೆ ಮಗು ಅಳುವುದು ಕೇಳಿಸುತ್ತಿತ್ತು.